ಬಿಸಿಲ ಹೊತ್ತಿನ ಹಿಟ್ಟು

ಜನವರಿ ೬, ಸೋಮವಾರ

ಸೌರಶಕ್ತಿ ಸಂಸ್ಥೆಯವರು ಎರಡು ಪುಸ್ತಕ ಕೊಟ್ಟು ಹೋದರು. ಒಂದರಲ್ಲಿ ದಿನವೂ ಗಿರಣಿ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತಿಗೆ ನಿಂತಿತು ಎಂದು ಬರೆದಿಡಬೇಕಂತೆ. ಇನ್ನೊಂದು ಅವರ ಲೆಕ್ಕ ತಪ್ಪಿ ಹೆಚ್ಚಿಗೆ ಬಂದದ್ದು. ಹೆಚ್ಚಿಗೆ ಬಂದದ್ದನ್ನು ತಿರುಗಿ ಕೊಡುವ ರೂಢಿ ನಮ್ಮ ಗಿರಣಿಯಲ್ಲಿಲ್ಲ. ಆದ್ದರಿಂದ ಇದು ನನ್ನದು.

ಇವತ್ತು ನನ್ನ ಗಿರಣಿಯ ಮಾಳಿಗೆ ಮೇಲೆ ಹದಿನಾರು ಸೌರ ಫಲಕ ಕೂತವು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಇಂಥದ್ದು ಇದೇ ಮೊದಲು. ಓಣಿಗೆ ಓಣಿಯೇ ಕತ್ತೆತ್ತಿ ನಿಂತಿತ್ತು. ಅದರ ಮೇಲೆ ಹಪ್ಪಳ ಹಾಕಿದರೆ ಎಷ್ಟು ಹೊತ್ತಿಗೆ ಒಣಗುತ್ತವೆ ಎಂದು ಬಾಳವ್ವ ಕೇಳಿದಳು. ಈ ಬಾಳವ್ವ ಓಣಿಯ ಹೆಂಗಸರಿಗೆಲ್ಲ ಹಿರಿಯಳು. ಆಕೆ ಹೂಂ ಅಂದರೆ ಓಣಿ ಹೂಂ, ಆಕೆ ಊಹೂಂ ಅಂದರೆ ಊಹೂಂ.

ಬಾಗಲಕೋಟೆಯಿಂದ ಬಂದ ಸಂಸ್ಥೆಯ ಹುಡುಗಿ ಪ್ರಿಯದರ್ಶಿನಿ ಕರಾರು ಓದಿ ಹೇಳಿದಳು. ಫಲಕ ಮೂರು ತಿಂಗಳ ಪರೀಕ್ಷೆಗೆ. ಕೊನೆಯ ತಿಂಗಳು, ಮಾರ್ಚಿನಲ್ಲಿ, ನೂರರಲ್ಲಿ ಅರವತ್ತು ಪಾಲು ಬೀಸುವಿಕೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರೊಳಗೆ, ಬಿಸಿಲಿನಲ್ಲೇ ಆಗಿರಬೇಕು. ಇಲ್ಲದಿದ್ದರೆ ಹದಿನಾರೂ ಇಳಿದು ಕೆರೂರಿನ ಇನ್ನೊಂದು ಗಿರಣಿಗೆ ಹೋಗುತ್ತವೆ. ಫಲಕ ಕೂಡಿಸುವುದು ಎರಡು ದಿನದ ಕೆಲಸ ಸರ್, ಜನರ ವರ್ತನೆ ಬದಲಾಯಿಸುವುದೇ ನಿಜವಾದ ಕೆಲಸ ಎಂದಳು. ನನಗೆ ನಗು ಬಂತು. ಜೋಳ ತರುವವರಿಗೆ ಸೂರ್ಯನಾದರೇನು, ಚಂದ್ರನಾದರೇನು?

ಆದರೆ ನನಗೆ ಈ ಫಲಕ ಬೇಕೇ ಬೇಕು. ಐವತ್ನಾಲ್ಕು ಆಯಿತು, ಮೊಣಕಾಲು ಎರಡೂ ಕೈಕೊಟ್ಟಿವೆ. ಓಣಿಯ ಹೆಂಗಸರು ಹಗಲೆಲ್ಲ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾರೆ, ದೀಪ ಹಚ್ಚಿದ ಮೇಲೆ ಡಬ್ಬಿ ಎತ್ತಿಕೊಂಡು ಬರುತ್ತಾರೆ. ನಾನು ಹಗಲು ನೊಣ ಹೊಡೆಯುತ್ತ ಕೂತು, ಸಂಜೆ ಐದರಿಂದ ಹತ್ತರವರೆಗೆ ನಿಂತೇ ಇರಬೇಕು. ಹೀಗೇ ನಿಂತರೆ ವರ್ಷದೊಳಗೆ ನಿಲ್ಲಲಿಕ್ಕೇ ಬರುವುದಿಲ್ಲ ಎಂದು ದವಾಖಾನೆಯಲ್ಲಿ ಹೇಳಿದ್ದಾರೆ. ಬಸ್‌ಸ್ಟ್ಯಾಂಡ್ ರಸ್ತೆಯ ದೊಡ್ಡ ಗಿರಣಿಯ ಯಮನೂರಪ್ಪ ಆಗಲೇ ಎರಡು ಸಲ ಬಂದು, ಯಾವಾಗ ಮಾರುತ್ತೀ ಎಂದು ಕೇಳಿಹೋದ. ಬೀಸುವುದು ಹಗಲಿಗೆ ಬಂದರೆ ನಡುನಡುವೆ ಕೂತು ಬೀಸಬಹುದು, ಗಿರಣಿ ಉಳಿಯುತ್ತದೆ. ಬರದಿದ್ದರೆ ನನ್ನಪ್ಪ ಸುಭಾನಸಾಬ ಕಟ್ಟಿದ ಗಿರಣಿ ಯುಗಾದಿಗೆ ಯಮನೂರಪ್ಪನದು.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಮೂರು ದಿನ ಓಣಿಯೆಲ್ಲ ಸಜ್ಜೆ ಬೀಸಿಸಿತು, ಎಲ್ಲವೂ ಸಂಜೆಯೇ. ಎಂಟು ದಿನದಲ್ಲಿ ಹಗಲು ಬಂದ ಡಬ್ಬಿ ಎರಡು. ಅದರಲ್ಲೊಂದು ಖಾಲಿ.

ಮುಂಜಾನೆ ಡಬ್ಬಿ ಇಟ್ಟು ಹೋಗಿ, ಸಂಜೆ ಹಿಟ್ಟು ಒಯ್ಯಿರಿ ಎಂದರೆ ಯಾರೂ ಒಪ್ಪುವುದಿಲ್ಲ. ಇವರಿಗೆ ಡಬ್ಬಿಯ ಪಕ್ಕ ನಿಲ್ಲಬೇಕು, ಬೀಸುವುದನ್ನು ಕಣ್ಣಾರೆ ನೋಡಬೇಕು. ನಿಲ್ಲುವುದು ಹೊತ್ತು ಕಳೆಯಲಿಕ್ಕೆ ಎಂದು ಪ್ರಿಯದರ್ಶಿನಿ ತಿಳಿದಿದ್ದಾಳೆ. ಅಲ್ಲ. ನಾನು ಹಿಟ್ಟು ಕದಿಯುತ್ತೇನೆಂದು! ಕಣ್ಣೆದುರು ಹುಟ್ಟಿ ಬೆಳೆದವನ ಮೇಲೆ ಈ ಸಂಶಯ. ಮೈಯೆಲ್ಲ ಉರಿಯಿತು.

ನಾನು ಯಾರ ಡಬ್ಬಿಗೂ ಎಂದೂ ಕೈ ಹಾಕಿದವನಲ್ಲ. ಸೊಂಡಿಲಿನ ಮಾತು ಬೇರೆ. ಕಲ್ಲಿನಿಂದ ಹಿಟ್ಟು ಬಟ್ಟೆಯ ಸೊಂಡಿಲಿನೊಳಗೆ ಇಳಿದು ಡಬ್ಬಿಗೆ ಬೀಳುತ್ತದೆ. ಕೊನೆಗೆ ಸೊಂಡಿಲನ್ನು ಜೋರಾಗಿ ಬಡಿದರೆ ಎಲ್ಲ ಉದುರುತ್ತದೆ, ಮೆಲ್ಲಗೆ ಬಡಿದರೆ ಒಂದು ಬೊಗಸೆ ಉಳಿಯುತ್ತದೆ. ನಮ್ಮಪ್ಪ ಮೆಲ್ಲಗೆ ಬಡಿಯುತ್ತಿದ್ದ, ನಾನೂ ಮೆಲ್ಲಗೆ ಬಡಿಯುತ್ತೇನೆ. ಉಳಿದದ್ದು ಗಿರಣಿಯ ಪಾಲು. ಅದರಲ್ಲಿ ನಮ್ಮ ಮನೆ, ತಂಗಿ ಆಫ್ರೀನಳ ಮನೆ, ಆಕೆಯ ಎಮ್ಮೆ ಮೂರೂ ನಡೆಯುತ್ತವೆ. ಇದು ಪದ್ಧತಿ. ಪದ್ಧತಿಗೂ ಕಳ್ಳತನಕ್ಕೂ ವ್ಯತ್ಯಾಸ ತಿಳಿಯದ ಜನರ ನಡುವೆ ಬದುಕುವುದು ಕಷ್ಟ.

ಜನವರಿ ೨೨, ಬುಧವಾರ

ಹಗಲು ಬೀಸಿಸಿರಿ ಎಂದು ತಿಳಿಹೇಳಲಿಕ್ಕೆ ಪ್ರಿಯದರ್ಶಿನಿ ಹಗಲು ಹನ್ನೊಂದಕ್ಕೆ ಸಭೆ ಕರೆದಳು. ಎಲ್ಲರೂ ಕೆಲಸದಲ್ಲಿದ್ದರು. ನಾನು, ಆಕೆ ಮತ್ತು ಒಂದು ನಾಯಿ ಸಭೆ ಮಾಡಿದೆವು. ಸಂಜೆ ಏಳಕ್ಕೆ ಮತ್ತೆ ಕರೆದಳು. ಕರೆಂಟು ಉಳಿಸುವ ಸಭೆಗೆ ಆರು ದೊಡ್ಡ ದೀಪ, ಒಂದು ಧ್ವನಿವರ್ಧಕ. ಜನ ಕಿಕ್ಕಿರಿದಿತ್ತು.

ಹಗಲು ಡಬ್ಬಿ ಇಟ್ಟು ಹೋದರೆ ಕಾಯುವವರು ಯಾರು ಎಂದು ಬಾಳವ್ವ ಕೇಳಿದಳು. ಮಲೀಕಸಾಬರು ಇರುತ್ತಾರಲ್ಲ ಎಂದು ನನ್ನತ್ತ ಕೈ ತೋರಿದಳು ಪಾಪದ ಹುಡುಗಿ. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಊಟ ಮಾಡಲಿಲ್ಲ.

ಈ ಬಾಳವ್ವನೇ ಇಪ್ಪತ್ತೆರಡು ವರ್ಷದ ಹಿಂದೆ, ಹಿಟ್ಟು ಕಡಿಮೆ ಬಂತೆಂದು ನಮ್ಮಪ್ಪನ ಮೇಲೆ ಹಿರಿಯರ ಮುಂದೆ ದೂರು ಒಯ್ದವಳು. ನಮ್ಮಪ್ಪ ಗಡ್ಡ ನೀವುತ್ತ, ಐದು ಹೊತ್ತಿನ ನಮಾಜಿನ ಮನುಷ್ಯ ನಾನು ಎಂದ. ಹಿರಿಯರು ಬಾಳವ್ವನಿಗೆ ಬುದ್ಧಿ ಹೇಳಿದರು. ಆಕೆ ಓಣಿಯ ನಡುವೆ ನಿಂತು ನಮ್ಮಪ್ಪನಿಗೆ ತಪ್ಪಾಯಿತು ಅಂದಳು. ನಾನು ಆಗ ಅಲ್ಲೇ ಇದ್ದೆ. ಸೊಂಡಿಲು ಯಾವಾಗ ಹೇಗೆ ಬಡಿಯಬೇಕೆಂದು ಅಷ್ಟರಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು.

ಫೆಬ್ರುವರಿ ೩, ಸೋಮವಾರ

ನೂರರಲ್ಲಿ ಹನ್ನೊಂದು.

ಮಧ್ಯಾಹ್ನ ಒಂದು ಮೋಡ ಬಂದು ಕಲ್ಲು ನಿಧಾನವಾಯಿತು, ಹಿಟ್ಟು ರವೆಯಾಯಿತು. ಸೂರ್ಯನನ್ನು ಯಾರೂ ಬೈಯಲಿಲ್ಲ. ನನ್ನನ್ನು ಬೈದರು.

ಫೆಬ್ರುವರಿ ೧೨, ಬುಧವಾರ

ಸಂಸ್ಥೆಯವರು ಉಪಾಯ ಹುಡುಕಿದ್ದಾರೆ. ಗಿರಣಿಯೊಳಗೆ ಕ್ಯಾಮೆರಾ! ಹೆಂಗಸರು ಮನೆಯಲ್ಲಿ ಕಂಡಿಕೆ ಸುತ್ತುತ್ತಲೇ ಮೊಬೈಲಿನಲ್ಲಿ ತಮ್ಮ ಡಬ್ಬಿ ನೋಡಬಹುದಂತೆ. ನಾನು ಬೇಡ ಎಂದೆ. ಯಾಕೆ ಸರ್ ಎಂದಳು ಪ್ರಿಯದರ್ಶಿನಿ. ಯಾಕೆ ಎಂಬುದಕ್ಕೆ ಏನು ಹೇಳಲಿ? ಗೋಡೆಗೆ ಮೊಳೆ ಹೊಡೆದರೆ ಸುಣ್ಣ ಉದುರುತ್ತದೆ ಎಂದೆ. ಆಕೆ ಅಂಟು ತಂದಿದ್ದಳು.

ಫೆಬ್ರುವರಿ ೨೦, ಗುರುವಾರ

ಡಬ್ಬಿಗಳು ಬರುತ್ತಿವೆ! ಇವತ್ತು ಹಗಲೇ ಹದಿನೇಳು. ಓಣಿಯಲ್ಲಿ ಧಾರಾವಾಹಿ ನೋಡುವುದನ್ನು ಬಿಟ್ಟು ನನ್ನನ್ನು ನೋಡುತ್ತಿದ್ದಾರೆ. ನಿನ್ನೆ ಬೆನ್ನು ಕೆರೆದುಕೊಂಡದ್ದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿತ್ತು. ಹೆಂಗಸರ ಕೈ ನಿಧಾನವಾಗಿ ಕಂಡಿಕೆ ಸಾಲುತ್ತಿಲ್ಲವೆಂದು ಗಂಡಸರು ಗೊಣಗುತ್ತಿದ್ದಾರಂತೆ. ಗಂಟೆಗಟ್ಟಲೆ ನೋಡಿ ಮೊಬೈಲು ಖಾಲಿಯಾಗಿ, ರಾತ್ರಿ ಮನೆಮನೆಯಲ್ಲೂ ಚಾರ್ಜಿಗೆ ಹಾಕುತ್ತಾರೆ. ಇಲ್ಲಿ ಉಳಿದ ಕರೆಂಟು ಅಲ್ಲಿ ಹೋಯಿತು. ಇದನ್ನು ಪ್ರಿಯದರ್ಶಿನಿಗೆ ಹೇಳಲಿಲ್ಲ, ಪಾಪ ಸಂತೋಷದಲ್ಲಿದ್ದಾಳೆ.

ಕ್ಯಾಮೆರಾ ನೇರ ಸೊಂಡಿಲಿನ ಮೇಲೇ ಇದೆ. ಹೀಗಾಗಿ ಪ್ರತಿ ಡಬ್ಬಿಗೂ ಮೂರು ಸಲ ಧಡಧಡ ಬಡಿಯುತ್ತೇನೆ. ಕಲ್ಲಂಗಡಿಯ ಹಾಗೆ ಉಬ್ಬಿರುತ್ತಿದ್ದ ಸೊಂಡಿಲು ಬಡಕಲಾಗಿ ನೇತಾಡುತ್ತಿದೆ. ನೋಡಿದರೆ ಸಂಕಟವಾಗುತ್ತದೆ. ಇರಲಿ, ಮಾರ್ಚ್‌ವರೆಗೆ ತಾನೆ.

ಫೆಬ್ರುವರಿ ೨೭, ಗುರುವಾರ

ಊಟಕ್ಕೆ ಕೂತರೆ ಅನ್ನವಷ್ಟೇ ಇತ್ತು. ರೊಟ್ಟಿ ಎಲ್ಲಿ ಎಂದೆ. ಹಿಟ್ಟು ಮುಗಿದಿದೆ ಎಂದಳು ಹೆಂಡತಿ ಜರೀನಾ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಗಿರಣಿಯವನ ಮನೆಯಲ್ಲಿ ಹಿಟ್ಟು ಮುಗಿದದ್ದು ಇದೇ ಮೊದಲು. ನಾಳೆ ಪೇಟೆಯಿಂದ ಜೋಳ ತರುತ್ತೇನೆ ಎಂದೆ.

ಜರೀನಾ ಅನ್ನ ಬಡಿಸಿದಳು. ಆಮೇಲೆ, "ಒಂದ ಮಾತ ಹೇಳ್ಲೇನ್ರಿ? ಮದುವಿಯಾಗಿ ಬಂದಾಗಿಂದ ಜ್ವಾಳ, ಗೋದಿ, ಸಜ್ಜಿ ಎಲ್ಲ ಕಲಸಿದ ಹಿಟ್ಟ ಬಡಿಯಾಕತ್ತೀನಿ. ಬರೇ ಜ್ವಾಳದ ರೊಟ್ಟಿ ಒಂದ ದಿನಾನೂ ಮಾಡಿಲ್ಲ" ಅಂದಳು.

ಅದರಲ್ಲಿ ದೂರು ಇರಲಿಲ್ಲ. ಆದರೂ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಮಾರ್ಚ್ ೨, ಭಾನುವಾರ

ರಂಜಾನಿನ ಮೊದಲ ರೋಜಾ. ನೂರರಲ್ಲಿ ನಲವತ್ತಾರು.

ಹಗಲು ಬೀಸುವಾಗ ಹಿಟ್ಟಿನ ಧೂಳು ಬಾಯಿಗೆ ಹೋಗುತ್ತದೆ, ಉಪವಾಸ ಮುರಿಯುತ್ತದೆಯೇ ಎಂದು ಮಸೀದಿಯಲ್ಲಿ ಜಲಾಲುದ್ದೀನ ಮೌಲವಿಯನ್ನು ಕೇಳಿದೆ. ತಾನಾಗಿ ಹೋದ ಧೂಳಿಗೆ ದೋಷವಿಲ್ಲ, ಕೈಯಾರೆ ತಗೊಂಡರೆ ಮಾತ್ರ ದೋಷ ಎಂದರು. ಇನ್ನೂ ಏನಾದರೂ ಕೇಳುವುದಿದೆಯೇ ಎಂದರು. ಇಲ್ಲ ಎಂದೆ.

ಮಾರ್ಚ್ ೭, ಶುಕ್ರವಾರ

ಯಾ ಅಲ್ಲಾಹ್, ಇದೆಂಥ ಓಣಿ! ಇಷ್ಟು ವರ್ಷ ಹಿಟ್ಟು ಕಡಿಮೆ ಎಂದು ಸಂಶಯ. ಈಗ ಹಿಟ್ಟು ಹೆಚ್ಚು ಎಂದು ಸಂಶಯ.

ಬಾಳವ್ವನ ಮನೆಯಲ್ಲಿ ಎಂಟು ದಿನಕ್ಕೆ ಮುಗಿಯಬೇಕಾದ ಹಿಟ್ಟು ಒಂಬತ್ತನೇ ದಿನವೂ ಉಳಿದಿದೆಯಂತೆ. ಆಚೆ ಮನೆಯ ಬಸವೇಶ್ವರಿಯ ಡಬ್ಬಿಯಲ್ಲೂ ಹಾಗೇ. ಹೆಂಗಸರು ಕೂಡಿ ವಿಚಾರ ಮಾಡಿದ್ದಾರೆ. ಗಿರಣಿಯವನು ಹಿಟ್ಟು ಹೆಚ್ಚು ಕೊಡುತ್ತಾನೆಂದರೆ ಏನೋ ಬೆರೆಸಿದ್ದಾನೆ. ನಮ್ಮ ಬಿಳಿ ಜೋಳದಲ್ಲಿ ಹೈಬ್ರಿಡ್ ಜೋಳದ ಹಿಟ್ಟು ಸೇರಿಸಿದ್ದಾನೆ. ಬಸವೇಶ್ವರಿಯ ರೊಟ್ಟಿ ಮೊನ್ನೆ ಹರಿಯಿತಂತೆ, ಅದು ಸಾಕ್ಷಿ. ಕ್ಯಾಮೆರಾ ಇದೆಯಲ್ಲ ಎಂದರೆ, ಕ್ಯಾಮೆರಾ ಕಾಣದ ಮೂಲೆಯಲ್ಲಿ ಬೆರೆಸುತ್ತಾನೆ ಎನ್ನುತ್ತಾರೆ.

ಮೂವತ್ತು ವರ್ಷದಲ್ಲಿ ಮೊದಲ ಸಲ ಸರಿಯಾಗಿ ಕೊಟ್ಟೆ, ಮೊದಲ ಸಲ ಕಲಬೆರಕೆಯವನಾದೆ.

ಮಾರ್ಚ್ ೧೧, ಮಂಗಳವಾರ

ಹಗಲು ಮೂರು ಡಬ್ಬಿ.

ಹಿಟ್ಟನ್ನು ಬಾಗಲಕೋಟೆಗೆ ಒಯ್ದು ಪರೀಕ್ಷೆ ಮಾಡಿಸುತ್ತೇನೆ, ಏಪ್ರಿಲ್‌ನಲ್ಲಿ ವರದಿ ಬರುತ್ತದೆ ಎಂದಳು ಪ್ರಿಯದರ್ಶಿನಿ. ಏಪ್ರಿಲ್‌ನಲ್ಲಿ ಫಲಕ ಕೆರೂರಿನಲ್ಲಿರುತ್ತವೆ. ಮಧ್ಯಾಹ್ನ ಯಮನೂರಪ್ಪ ಮೂರನೇ ಸಲ ಬಂದ. ಈ ಸಲ ಕೇಳಲೇ ಇಲ್ಲ, ಕಲ್ಲಿನ ಮೇಲೆ ಕೈಯಾಡಿಸಿ ಅಳತೆ ನೋಡಿಕೊಂಡು ಹೋದ.

ಮಾರ್ಚ್ ೧೩, ಗುರುವಾರ

ಯೋಚನೆ ಮಾಡಿದರೆ ದಾರಿ ಸುಲಭ. ಮೊದಲಿನ ಹಾಗೆ ಒಂದು ಬೊಗಸೆ ಉಳಿಸಿಕೊಂಡರೆ ಹಿಟ್ಟು ಅಳತೆಗೆ ಬರುತ್ತದೆ, ಸಂಶಯ ಹೋಗುತ್ತದೆ, ಡಬ್ಬಿ ಬರುತ್ತವೆ, ಫಲಕ ಉಳಿಯುತ್ತವೆ. ಬೆನ್ನನ್ನು ಕ್ಯಾಮೆರಾಕ್ಕೆ ಅಡ್ಡ ಮಾಡಿ ನಿಂತರೆ ಆಯಿತು.

ಇವತ್ತು ಒಂದು ಡಬ್ಬಿಗೆ ಹಾಗೆ ನಿಂತೆ. ಕೈ ಮೆಲ್ಲಗೆ ಬಡಿಯಲೇ ಇಲ್ಲ. ಧಡಧಡ ಎಂದಿತು. ಇಪ್ಪತ್ತು ದಿನದ ರೂಢಿ, ಹಾಳಾದದ್ದು. ರೋಜಾ ಬೇರೆ.

ಮಾರ್ಚ್ ೧೫, ಶನಿವಾರ

ಇವತ್ತಿನದನ್ನು ಬರೆಯುವುದೋ ಬೇಡವೋ.

ಹತ್ತು ಗಂಟೆಗೆ ಬಾಳವ್ವ ಏಳೆಂಟು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಹಿಟ್ಟಿನ ಡಬ್ಬಿಯನ್ನು ನನ್ನ ಮುಂದೆ ಇಟ್ಟಳು. ಪ್ರಿಯದರ್ಶಿನಿಯೂ ಇದ್ದಳು. ಆಕೆ ಪರೀಕ್ಷೆ, ವರದಿ ಎಂದು ಏನೋ ಹೇಳಹೋದಳು. ಬಾಳವ್ವ ಆಕೆಯ ಕಡೆ ನೋಡಲೂ ಇಲ್ಲ. ಏನು ಬೆರೆಸಿದ್ದೀ, ಅದನ್ನಷ್ಟು ಹೇಳು, ನಮ್ಮ ಮಕ್ಕಳು ತಿನ್ನುವುದು ಇದು ಎಂದು ಕೇಳಿದಳು.

ಬಿಸಿಲಿನ ಕರೆಂಟಿಗೆ ಹಿಟ್ಟು ಉಬ್ಬುತ್ತದೆ ಎಂದು ಹೇಳಬೇಕೆಂದಿದ್ದೆ. ನಿನ್ನೆಯಿಂದ ಅದನ್ನೇ ಬಾಯಿಪಾಠ ಮಾಡಿದ್ದೆ. ನಂಬುತ್ತಿದ್ದರೋ ಏನೋ. ಆದರೆ ಮಕ್ಕಳು ತಿನ್ನುವುದು ಎಂದಳಲ್ಲ, ಪಾಠ ಮರೆತುಹೋಯಿತು.

"ಏನೂ ಬೆರಸಿಲ್ಲವ್ವ" ಎಂದೆ. "ಮೊದಲ ಒಂದ ಬೊಗಸಿ ತಗೋತಿದ್ನಿ. ಈಗ ತಗೊಳ್ಳಾಕತ್ತಿಲ್ಲ. ಅಷ್ಟ."

ಕಲ್ಲು ನಿಂತಿತ್ತು, ಓಣಿಯ ಮಗ್ಗಗಳ ಸಪ್ಪಳವಷ್ಟೇ ಕೇಳುತ್ತಿತ್ತು. ಬಾಯಿ ಒಮ್ಮೆ ತೆರೆದ ಮೇಲೆ ಮುಚ್ಚಲಿಕ್ಕೆ ಬರಲಿಲ್ಲ.

"ನಮ್ಮಪ್ಪಾನೂ ತಗೋತಿದ್ದ. ಅವತ್ತ ಹಿರ್ಯಾರ ಮುಂದ ನೀ ಹೇಳಿದ್ದು ಖರೆ ಇತ್ತು. ನನಗ ಗೊತ್ತಿತ್ತು."

ಸತ್ತ ತಂದೆಯನ್ನು, ಅದೂ ರಂಜಾನಿನಲ್ಲಿ, ಓಣಿಯ ಮುಂದೆ ಕಳ್ಳನೆಂದು ನಿಲ್ಲಿಸಿದೆ. ನಾಚಿಕೆಯಿಂದ ನೆಲ ನೋಡುತ್ತ ನಿಂತೆ.

ಬಾಳವ್ವ ನಗುತ್ತಾಳೆಂದುಕೊಂಡೆ. ಬೈಯುತ್ತಾಳೆಂದುಕೊಂಡೆ. ಆಕೆ ಎರಡೂ ಮಾಡಲಿಲ್ಲ.

"ನೀವು ತಗೋತಿದ್ರಿ ಅನ್ನೂದು ಓಣಿಗೆಲ್ಲ ಗೊತ್ತಿತ್ತೋ ಮಲೀಕಾ. ಅವತ್ತಿನಿಂದ ಎಲ್ಲಾರೂ ಒಂದ ಬೊಗಸಿ ಜ್ವಾಳ ಹೆಚ್ಚಿಗಿ ಹಾಕೇ ತರತೇವಿ, ನಿಮ್ಮ ಪಾಲಿಗೆಂತ. ನೀ ಬಿಟ್ಟೀದಿ ಅನ್ನೂದ ಯಾರೂ ಹೇಳಲಿಲ್ಲಲ್ಲ ನಮಗ."

ಆಮೇಲೆ ಸೆರಗು ಸರಿಮಾಡಿಕೊಂಡು ಇನ್ನೊಂದು ಮಾತು ಹೇಳಿದಳು. "ಅವತ್ತ ನಿಮ್ಮಪ್ಪಗ ತಪ್ಪಾತು ಅಂದಿದ್ನಿ. ಅದನ್ನ ಈಗ ತಿರುಗಿ ತಗೊಂಡೀನಿ ನೋಡು."

ಡಬ್ಬಿ ಎತ್ತಿಕೊಂಡು ಹೋದಳು. ಎಲ್ಲರೂ ಹೋದರು. ಪ್ರಿಯದರ್ಶಿನಿ ತನ್ನ ಪುಸ್ತಕದಲ್ಲಿ ಏನನ್ನೂ ಬರೆದುಕೊಳ್ಳಲಿಲ್ಲ.

ಸಂಜೆ ರೋಜಾ ಬಿಟ್ಟ ಮೇಲೆ ಜರೀನಾಳಿಗೆ ಎಲ್ಲ ಹೇಳಿದೆ. ಆಕೆ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಬರೇ ಜೋಳದ ರೊಟ್ಟಿ. ಅತ್ತುಬಿಟ್ಟೆ.

ಮಾರ್ಚ್ ೧೬, ಭಾನುವಾರ

ಹಗಲು ಒಂದೂ ಇಲ್ಲ. ಸಂಜೆಯೂ ಇಲ್ಲ.

ಮಾರ್ಚ್ ೧೭, ಸೋಮವಾರ

ಒಂಬತ್ತಕ್ಕೆ ಬಾಳವ್ವ ಬಂದು ಡಬ್ಬಿ ಇಟ್ಟಳು. ಹೆಚ್ಚಿಗೆ ಹಾಕಿಲ್ಲ ಎಂದಳು. ಹೊರಟಳು. ನಿಲ್ಲುತ್ತಾಳೆಂದು ಮೋಟರು ಹಚ್ಚದೆ ಕಾದೆ. ತಿರುವಿನಲ್ಲಿ ಮರೆಯಾದಳು.

ಮಾರ್ಚ್ ೨೫, ಮಂಗಳವಾರ

ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತೈದು. ದಿನವೂ ಹಗಲೇ ಬರುತ್ತಿವೆ. ಕ್ಯಾಮೆರಾದ ಮೇಲೆ ಒಂದು ಬೆರಳು ದಪ್ಪ ಹಿಟ್ಟು ಕೂತಿದೆ, ಏನೂ ಕಾಣುವುದಿಲ್ಲ. ಒರೆಸು ಎಂದು ಯಾರೂ ಹೇಳುತ್ತಿಲ್ಲ.

ಡಬ್ಬಿಗಳ ಎಣಿಕೆ ಅಷ್ಟೇ ಇದ್ದರೂ ಕರೆಂಟು ಇಪ್ಪತ್ತರಲ್ಲಿ ಒಂದು ಪಾಲು ಕಡಿಮೆ ಖರ್ಚಾಗುತ್ತಿದೆಯಂತೆ. ಕಾರಣ ತಿಳಿಯದೆ ಪ್ರಿಯದರ್ಶಿನಿ ಮೋಟರಿನ ಸುತ್ತ ಮೂರು ಸುತ್ತು ಬಂದಳು. ಒಂದೊಂದು ಡಬ್ಬಿಯಲ್ಲೂ ಒಂದು ಬೊಗಸೆ ಜೋಳ ಕಡಿಮೆ ಬರುತ್ತಿದೆ ತಾಯಿ, ನಮ್ಮ ಪಾಲು ಬೀಸುವುದು ನಿಂತಿದೆ ಎಂದೆ. ಅದನ್ನು ಬರೆಯಲು ನಮೂನೆಯಲ್ಲಿ ಜಾಗವಿಲ್ಲವಂತೆ. "ಉತ್ತಮ ಮೋಟರು" ಎಂದು ಬರೆದಳು.

ಮಾರ್ಚ್ ೩೧, ಸೋಮವಾರ

ಈದ್. ನಮಾಜು ಮುಗಿಸಿ ಬಂದರೆ ಪ್ರಿಯದರ್ಶಿನಿ ಮೀಟರಿನ ಮುಂದೆ ಕೂತಿದ್ದಳು. ಹಬ್ಬದ ದಿನವೂ ಬಿಡಲಿಲ್ಲ, ಕೊನೆಯ ದಿನ ನೋಡಿ. ಜರೀನಾ ಆಕೆಗೆ ಹಾಲು ಶ್ಯಾವಿಗೆಯ ಸುರಕುಂಬಾ ಕೊಟ್ಟಳು. ಕೊನೆಯ ತಿಂಗಳ ಲೆಕ್ಕ, ನೂರರಲ್ಲಿ ಐವತ್ತೆಂಟು.

ಹಿಟ್ಟು ಹೆಚ್ಚಾಯಿತೆಂದು ಡಬ್ಬಿ ಬಾರದೆ ಹೋದ ಆ ಹತ್ತು ದಿನ ಇಲ್ಲದಿದ್ದರೆ ಎಪ್ಪತ್ತು ದಾಟುತ್ತಿತ್ತು. ನಾನು ಮೊದಲಿನ ಹಾಗೇ ಇದ್ದಿದ್ದರೆ ಫಲಕ ಉಳಿಯುತ್ತಿದ್ದವು.

ಆ ಹುಡುಗಿ ಮೆಲ್ಲಗೆ, "ಅರವತ್ತು ಅಂತ ಬರೀತೀನಿ ಸರ್. ಎರಡು ಅಂಕಿ ಯಾರು ನೋಡ್ತಾರೆ?" ಎಂದಳು. ಆಕೆಯ ಕಣ್ಣಲ್ಲಿ ನೀರಿತ್ತು.

"ಐವತ್ತೆಂಟಂತ ಬರೀರಿ" ಎಂದೆ.

ಯಾಕೆ ಹಾಗೆಂದೆನೋ ನನಗೇ ತಿಳಿಯದು. ಇಪ್ಪತ್ತೊಂಬತ್ತು ಉಪವಾಸ, ಇಳಕಲ್ಲಿನ ಬಿಸಿಲು, ತಲೆ ಸರಿ ಇರಲಿಲ್ಲ. ಜರೀನಾ ಹಣೆ ಚಚ್ಚಿಕೊಳ್ಳುತ್ತಾಳೆ ಎಂದು ನೋಡಿದರೆ ಆಕೆ ನಗುತ್ತಿದ್ದಳು.

ಏಪ್ರಿಲ್ ೯, ಬುಧವಾರ

ಹದಿನಾರೂ ಇಳಿದವು. ಲಾರಿ ಕೆರೂರಿನ ಕಡೆ ಹೋಯಿತು. ಮಾಳಿಗೆ ಬೋಳಾಗಿದೆ.

ಯಮನೂರಪ್ಪನಿಗೆ ನಾಳೆ ಬಾ ಎಂದು ಹೇಳಿ ಕಳಿಸಿದೆ.

ಏಪ್ರಿಲ್ ೧೦, ಗುರುವಾರ

ಒಂಬತ್ತಕ್ಕೆ ಯಮನೂರಪ್ಪ ಅಳತೆಯ ಟೇಪು ಹಿಡಿದು ಬಂದ. ಗಿರಣಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಇಪ್ಪತ್ತಾರು ಡಬ್ಬಿ ಸಾಲಾಗಿದ್ದವು. ಹತ್ತಿರ ಒಬ್ಬ ಹೆಂಗಸೂ ಇರಲಿಲ್ಲ. ಇವರೆಲ್ಲ ಎಲ್ಲಿ ಎಂದು ಕೇಳಿದ. ಮನೆಯಲ್ಲಿ ಎಂದೆ. ಟೇಪು ಕಿಸೆಗೆ ಹಾಕಿಕೊಂಡು, ಚಹಾ ಕುಡಿದು ಹೋದ.

ಅಷ್ಟರಲ್ಲಿ ಬಾಳವ್ವ ಇಪ್ಪತ್ತೇಳನೆಯ ಡಬ್ಬಿ ತಂದಳು. ಫಲಕ ಹೋದವು, ಇನ್ನು ನನ್ನ ಕರಾರೇನೂ ಇಲ್ಲ, ಮೊದಲಿನ ಹಾಗೆ ಸಂಜೆ ಬಂದರೂ ನಡೆಯುತ್ತದೆ ಎಂದೆ.

"ಸಂಜಿ ಮುಂದ ಯಾಕ ಬರ್ಲಿ?" ಎಂದಳು. "ನಿಂತ ಕಾಯೂದು ಏನ ಉಳದೈತಿ ಇಲ್ಲಿ?"

ಸಾದಾ ಕರೆಂಟಿನಲ್ಲೇ ಬೀಸಿದೆ. ನಾಲ್ಕೂವರೆಗೆ ಬೀಗ ಹಾಕಿದೆ. ಬೆಳಕಿರುವಾಗಲೇ ಮನೆಗೆ ಹೋದೆನೆಂದು ಜರೀನಾ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದಳು.

ಏಪ್ರಿಲ್ ೨೪, ಗುರುವಾರ

ಸಂಸ್ಥೆಯ ವರದಿ ಅಂಚೆಯಲ್ಲಿ ಬಂತು. ಪ್ರಿಯದರ್ಶಿನಿಯ ಸಹಿ ಇಲ್ಲ, ಮೇಲಿನವರದು. ಇಳಕಲ್ಲಿನಲ್ಲಿ ಯಂತ್ರ ಚೆನ್ನಾಗಿ ನಡೆಯಿತು, ಆದರೆ ಸಂಬಂಧಪಟ್ಟವರ ವರ್ತನೆಯಲ್ಲಿ ಬದಲಾವಣೆ ಆಗಲಿಲ್ಲ ಎಂದಿದೆ. ಒಪ್ಪಿಗೆ ಇದ್ದರೆ ಕೆಳಗೆ ಸಹಿ ಮಾಡಿ ಕಳಿಸಬೇಕಂತೆ.

ಇವತ್ತು ಡಬ್ಬಿ ಇಪ್ಪತ್ತೊಂಬತ್ತು. ಎಲ್ಲ ಬೀಸಿ, ಸೊಂಡಿಲು ಬಡಿದು, ಕೈ ತೊಳೆದುಕೊಂಡು ಎರಡೆರಡು ಸಲ ಓದಿದೆ. ಓಣಿಯವರ ವಿಷಯ ನನಗೆ ತಿಳಿಯದು. ನನ್ನ ಮಟ್ಟಿಗೆ ಅವರು ಬರೆದದ್ದು ಸರಿಯೇ ಇದೆ. ಈ ವಯಸ್ಸಿನಲ್ಲಿ ಬದಲಾಗಲು ನನಗೇನು ಹುಚ್ಚೇ? ಸಹಿ ಮಾಡಿದೆ.